ಪದಕ ಬಂದ್ರೆ ಫ್ಲೆಕ್ಸ್ ರೆಡಿ. ಸ್ಕೀ ಬ್ಯಾಗಿನ ಲಗೇಜ್ ಚಾರ್ಜ್ ಯಾರ ಲೆಕ್ಕ?

2025ರ ಸೆಪ್ಟೆಂಬರ್‌ನಲ್ಲಿ ದಕ್ಷಿಣ ಅಮೆರಿಕದ ಚಿಲಿ ದೇಶದಿಂದ ಒಂದು ಸುದ್ದಿ ಬಂತು. ಅಲ್ಲಿನ ಕೊರಾಲ್ಕೊ ಎಂಬಲ್ಲಿ ನಡೆದ ಅಂತಾರಾಷ್ಟ್ರೀಯ ಕ್ರಾಸ್‌ಕಂಟ್ರಿ ಸ್ಕೀಯಿಂಗ್‌ನ 5 ಕಿ.ಮೀ. ಸ್ಪರ್ಧೆಯಲ್ಲಿ ನಮ್ಮ ಕೊಡಗಿನ ತೆಕ್ಕಡ ಭವಾನಿ ನಂಜುಂಡ ಕಂಚಿನ ಪದಕ ಗೆದ್ದಿದ್ದರು. ಅವತ್ತು ಜಿಲ್ಲೆಯ ಅರ್ಧ ಜನರ ವಾಟ್ಸಾಪ್ ಸ್ಟೇಟಸ್‌ನಲ್ಲಿ ಅದೇ ಫೋಟೊ. ಹಿಮವೇ ಬೀಳದ ಊರಿನ ಹೆಣ್ಣುಮಗಳು ಹಿಮದ ಮೇಲೆ ಓಡಿ ಪದಕ ತಂದಳು ಅಂತ ಎಲ್ಲರಿಗೂ ಖುಷಿ.

ಆ ಫೋಟೊ ತೋರಿಸಿದಾಗ ಪರಿಚಯದ ಹಾರ್ಡ್‌ವೇರ್ ಅಂಗಡಿಯ ಅಣ್ಣ ಒಬ್ಬರು ಬೇರೆಯೇ ಪ್ರಶ್ನೆ ಕೇಳಿದರು. "ಅಲ್ಲಪ್ಪ, ಆ ಹಲಗೆ ಆಳಿಗಿಂತ ಉದ್ದ ಇದೆ. ಹತ್ತಡಿ ಪಿವಿಸಿ ಪೈಪನ್ನ ಮಡಿಕೇರಿಯಿಂದ ಭಾಗಮಂಡಲಕ್ಕೆ ಬಸ್ಸಲ್ಲಿ ಕಳಿಸೋಕೇ ನಾನು ಕಂಡಕ್ಟರ್ ಹತ್ರ ಗೋಗರೀಬೇಕು. ಇವರು ಅದನ್ನ ವಿಮಾನದಲ್ಲಿ ಹೇಗೆ ತಗೊಂಡು ಹೋಗ್ತಾರೆ?"

ತಮಾಷೆಯ ಪ್ರಶ್ನೆ ಅಂತ ಮೊದಲು ನಕ್ಕೆ. ಆಮೇಲೆ ವಿಮಾನ ಕಂಪನಿಗಳ ಲಗೇಜ್ ನಿಯಮ, ಭದ್ರತಾ ನಿಯಮ, ಪರಿಹಾರದ ಕಾನೂನು ಎಲ್ಲ ಓದಿ ನೋಡಿದರೆ ಅಣ್ಣ ಕೇಳಿದ್ದು ಸರಿಯಾದ ಪ್ರಶ್ನೆಯೇ. ಈ ಆಟದಲ್ಲಿ ಸ್ಪರ್ಧೆ ಶುರುವಾಗೋದು ಹಿಮದ ಮೇಲಲ್ಲ, ವಿಮಾನ ನಿಲ್ದಾಣದ ಕೌಂಟರ್‌ನಲ್ಲಿ. ಆ ಕೌಂಟರ್‌ನ ನಿಯಮಗಳು ನಮ್ಮಂಥ ಊರಿನಿಂದ ಒಬ್ಬರೇ ಹೊರಡುವ ಆಟಗಾರರಿಗೆ ಹೆಚ್ಚು ಹೊರೆ ಹೊರಿಸುತ್ತವೆ. ಇದು ಭವಾನಿ ಅವರೊಬ್ಬರ ಕಥೆ ಅಲ್ಲ. ಸ್ಕೀ ಹಿಡಿದು ವಿಮಾನ ಹತ್ತುವ ಯಾರಿಗೇ ಆದರೂ ಎದುರಾಗೋ ಲೆಕ್ಕ ಇದು. ಬಿಡಿಸಿ ನೋಡೋಣ.

ಏನಿದು ಆಟ, ಏನೇನು ಸಾಮಾನು?

ಸ್ಕೀಯಿಂಗ್ ಅಂದ ಕೂಡಲೇ ಸಿನಿಮಾದಲ್ಲಿ ನೋಡಿದ ದೃಶ್ಯ ನೆನಪಾಗುತ್ತೆ. ಬೆಟ್ಟದ ಮೇಲಿಂದ ಸರ್ರಂತ ಜಾರಿ ಬರೋದು. ಅದು ಆಲ್ಪೈನ್. ಕ್ರಾಸ್‌ಕಂಟ್ರಿ ಬೇರೆ. ಇಲ್ಲಿ ಏರು, ಇಳಿಜಾರು, ಸಮತಟ್ಟು ಎಲ್ಲ ಕಡೆ ಸ್ವಂತ ಕಾಲು, ತೋಳಿನ ಬಲದಲ್ಲೇ ಕಿಲೋಮೀಟರ್‌ಗಟ್ಟಲೆ ಸಾಗಬೇಕು. ಹಿಮದ ಮೇಲಿನ ಮ್ಯಾರಥಾನ್ ಅನ್ನಬಹುದು.

ಇದರಲ್ಲಿ ಎರಡು ಶೈಲಿ. ಕ್ಲಾಸಿಕ್ ಶೈಲಿಯಲ್ಲಿ ಎರಡೂ ಕಾಲು ನೇರ ಗೆರೆಯಲ್ಲಿ ಮುಂದೆ ಹಿಂದೆ ಹೋಗುತ್ತವೆ. ಫ್ರೀ ಅಥವಾ ಸ್ಕೇಟಿಂಗ್ ಶೈಲಿಯಲ್ಲಿ ಕಾಲನ್ನು ಪಕ್ಕಕ್ಕೆ ತಳ್ಳಿ ಹೋಗಬೇಕು. ಎರಡಕ್ಕೂ ಬೇರೆ ಬೇರೆ ಸ್ಕೀ, ಬೇರೆ ಶೂ, ಬೇರೆ ಉದ್ದದ ಕೋಲು. ದೊಡ್ಡವರ ಸ್ಕೀ ಸುಮಾರು 180ರಿಂದ 210 ಸೆಂ.ಮೀ. ಉದ್ದ, ಅಂದರೆ ಆರರಿಂದ ಏಳಡಿ. ಆದರೆ ತೂಕ ತೀರಾ ಕಮ್ಮಿ. ರೇಸ್‌ಗೆ ಬಳಸುವ ಒಂದು ಜೊತೆ ಬರೀ ಹಲಗೆ ಸುಮಾರು ಒಂದು ಕೆಜಿ ಅಷ್ಟೇ.

ಹಾಗಾದರೆ ಒಂದು ಜೊತೆ ತಗೊಂಡು ಹೋದರೆ ಸಾಲದಾ? ಸಾಲದು. ಹಿಮ ಅಂದರೆ ಎಲ್ಲ ಕಡೆ ಒಂದೇ ಅಲ್ಲ. ನಮ್ಮಲ್ಲಿ ಹೇಗೆ ಹದ ಮಣ್ಣು, ಕೆಸರು, ಗಟ್ಟಿ ನೆಲ ಅಂತ ಬೇರೆ ಬೇರೆ ಇದೆಯೋ, ಹಿಮದಲ್ಲೂ ಪುಡಿ ಹಿಮ, ನೀರಾಗಿರೋ ಹಿಮ, ಕರಗಿ ಮತ್ತೆ ಗಟ್ಟಿಯಾದ ಹಿಮ ಅಂತ ಇದೆ. ಒಂದೊಂದಕ್ಕೂ ಸ್ಕೀ ತಳದ ಗೀರುಗಳು ಬೇರೆ ಇರಬೇಕು, ಹಚ್ಚುವ ವ್ಯಾಕ್ಸ್ ಬೇರೆ ಇರಬೇಕು. ಹಾಗಾಗಿ ಗಂಭೀರವಾಗಿ ಆಡುವವರು ಕನಿಷ್ಠ ಮೂರು ನಾಲ್ಕು ಜೊತೆ ಹೊರಬೇಕು. ಜೊತೆಗೆ ಎರಡು ಜೊತೆ ಕೋಲು, ಎರಡು ಜೊತೆ ಶೂ, ವ್ಯಾಕ್ಸ್ ಡಬ್ಬಿ, ವ್ಯಾಕ್ಸ್ ಕರಗಿಸಿ ಹಚ್ಚೋ ಇಸ್ತ್ರಿ ಪೆಟ್ಟಿಗೆ, ಬ್ರಷ್‌ಗಳು, ಸ್ಕೀಯನ್ನು ಕಚ್ಚಿಸಿ ನಿಲ್ಲಿಸೋ ಹಿಡಿಕೆ. ಆಮೇಲೆ ಚಳಿಗೆ ಬೇಕಾದ ಬಟ್ಟೆ. ಎಲ್ಲ ಸೇರಿ 25 ಕೆಜಿ ದಾಟೋಕೆ ಕಷ್ಟವೇನಿಲ್ಲ.

"ಅಲ್ಲೇ ಬಾಡಿಗೆಗೆ ಸಿಗಲ್ವಾ?" ಅಂತ ಕೇಳಬಹುದು. ಪ್ರವಾಸಿಗಳಿಗೆ ಸಿಗುತ್ತೆ, ರೇಸ್‌ಗೆ ಅಲ್ಲ. ಸ್ಕೀ ನಡುವೆ ಬಿಲ್ಲಿನ ಹಾಗೆ ಬಾಗಿರುತ್ತೆ. ಆ ಬಾಗು ಎಷ್ಟು ಗಟ್ಟಿ ಇರಬೇಕು ಅನ್ನೋದು ಆಟಗಾರರ ತೂಕಕ್ಕೆ ತಕ್ಕಂತೆ ತೀರ್ಮಾನ ಆಗುತ್ತೆ. ಗಟ್ಟಿ ಜಾಸ್ತಿಯಾದರೆ ಏರಿನಲ್ಲಿ ಹಿಡಿತ ಸಿಗಲ್ಲ, ಕಮ್ಮಿಯಾದರೆ ಸಮತಟ್ಟಲ್ಲಿ ಎಳೆಯುತ್ತೆ. ಒಬ್ಬರ ಕನ್ನಡಕ ಇನ್ನೊಬ್ಬರು ಹಾಕಿಕೊಂಡ ಹಾಗೆ. ಆದ್ದರಿಂದ ಸ್ವಂತದ್ದೇ ಬೇಕು, ಸ್ವಂತದ್ದನ್ನೇ ಹೊರಬೇಕು.

ಊರಿಂದ ನಿಲ್ದಾಣದವರೆಗೆ

ಕೊಡಗಿಗೆ ರೈಲಿಲ್ಲ, ವಿಮಾನ ನಿಲ್ದಾಣ ಇಲ್ಲ. ಇದು ನಮಗೆಲ್ಲ ಹಳೇ ಕಥೆ. ವಿರಾಜಪೇಟೆ ಕಡೆಯವರು ಮಾಕುಟ್ಟ ಘಾಟಿ ಇಳಿದು ಕಣ್ಣೂರಿಗೆ ಹೋಗಬಹುದು. ಸಂಪಾಜೆ ಕಡೆಯವರಿಗೆ ಮಂಗಳೂರು. ದೂರದ ದೇಶಕ್ಕೆ ಹೋಗೋರಿಗೆ ಹೆಚ್ಚಾಗಿ ದೇವನಹಳ್ಳಿಯೇ ಗತಿ, ಮಡಿಕೇರಿಯಿಂದ ಹತ್ತಿರ ಹತ್ತಿರ 300 ಕಿ.ಮೀ. ಸರ್ಕಾರಿ ಬಸ್ಸಿನಲ್ಲಿ ಒಬ್ಬರಿಗೆ 30 ಕೆಜಿ ಲಗೇಜು ಉಚಿತ. ತೂಕಕ್ಕೆ ಅಲ್ಲಿ ತೊಂದರೆ ಇಲ್ಲ. ಏಳಡಿ ಚೀಲವನ್ನ ಎಲ್ಲಿ ಮಲಗಿಸೋದು ಅನ್ನೋದೇ ತಲೆನೋವು.

ಅಂಗಡಿ ಅಣ್ಣನ ಪಿವಿಸಿ ಪೈಪಿನ ಕಷ್ಟವೂ ಅದೇ ಅಲ್ವಾ? ತೂಕ ಅಲ್ಲ, ಉದ್ದ. ವಿಮಾನದಲ್ಲಿ ಇದು ಇನ್ನೂ ದೊಡ್ಡದಾಗುತ್ತೆ.

ಕೌಂಟರ್‌ನಲ್ಲಿ ಎರಡು ಲೆಕ್ಕ

ವಿಮಾನ ಕಂಪನಿಗಳಲ್ಲಿ ಲಗೇಜಿಗೆ ಎರಡು ಬಗೆಯ ಲೆಕ್ಕ ಇದೆ. ಒಂದು ತೂಕದ ಲೆಕ್ಕ: ಎಷ್ಟು ಚೀಲ ಆದರೂ ಒಟ್ಟು ಇಷ್ಟು ಕೆಜಿ. ಇನ್ನೊಂದು ಚೀಲದ ಲೆಕ್ಕ: ಒಂದು ಅಥವಾ ಎರಡು ಚೀಲ, ಒಂದೊಂದು 23 ಕೆಜಿ ಒಳಗೆ. ಭಾರತದೊಳಗಿನ ಹಾರಾಟದಲ್ಲಿ ಸಾಮಾನ್ಯ ಟಿಕೆಟ್‌ಗೆ ಹೆಚ್ಚಾಗಿ 15 ಕೆಜಿ ಸಿಗುತ್ತೆ. ದೂರದ ಅಂತಾರಾಷ್ಟ್ರೀಯ ಹಾರಾಟಗಳಲ್ಲಿ 23 ಕೆಜಿ ಚೀಲದ ಲೆಕ್ಕ ಸಾಮಾನ್ಯ.

ಚೀಲದ ಅಳತೆಗೂ ಮಿತಿ ಇದೆ. ಉದ್ದ, ಅಗಲ, ಎತ್ತರ ಮೂರೂ ಕೂಡಿಸಿ 158 ಸೆಂ.ಮೀ. ಒಳಗಿರಬೇಕು ಅನ್ನೋದು ಬಹಳ ಕಂಪನಿಗಳ ನಿಯಮ. ಸ್ಕೀ ಚೀಲ ಬರೀ ಉದ್ದದಲ್ಲೇ ಅದನ್ನ ದಾಟಿಬಿಡುತ್ತೆ. ಕೆಲವು ಕಂಪನಿಗಳು ಕ್ರೀಡಾ ಸಾಮಾನು ಅಂತ ವಿನಾಯಿತಿ ಕೊಡ್ತವೆ. ಸ್ಕೀ ಚೀಲ, ಶೂ ಚೀಲ ಎರಡನ್ನೂ ಸೇರಿಸಿ ಒಂದೇ ಚೀಲ ಅಂತ ಲೆಕ್ಕ ಹಿಡಿಯೋ ಕಂಪನಿಗಳೂ ಇವೆ. ಇನ್ನು ಕೆಲವು ಪ್ರತ್ಯೇಕ ಶುಲ್ಕ ಹಾಕ್ತವೆ. ಮುಂಗಡ ಬುಕ್ ಮಾಡಿದರೆ ಒಂದು ದರ, ಕೌಂಟರ್‌ನಲ್ಲಿ ಕಟ್ಟಿದರೆ ಅದಕ್ಕಿಂತ ಜಾಸ್ತಿ.

ಒಂದು ಉದಾಹರಣೆ ಲೆಕ್ಕ ಹಾಕಿ. ಚೀಲ, ಬಟ್ಟೆ ಎಲ್ಲ ಸೇರಿ 32 ಕೆಜಿ ಅಂತಿಟ್ಟುಕೊಳ್ಳಿ. ಬೆಂಗಳೂರಿಂದ ದೆಹಲಿಗೆ 15 ಕೆಜಿ ಉಚಿತ, ಉಳಿದದ್ದು 17 ಕೆಜಿ. ಕೆಜಿಗೆ 500 ರೂಪಾಯಿ ಅಂತ ಹಿಡಿದರೂ 8,500 ರೂಪಾಯಿ ಆಯ್ತು. ವಾಪಸ್ ಬರೋವಾಗ ಮತ್ತೆ ಅಷ್ಟೇ. ಎಷ್ಟೋ ಸಲ ಆಳಿನ ಟಿಕೆಟ್‌ಗಿಂತ ಹಲಗೆಯ ಟಿಕೆಟ್ಟೇ ಜಾಸ್ತಿಯಾಗುತ್ತೆ.

ಇನ್ನೊಂದು ಬಲೆ ಇದೆ. ಅಗ್ಗ ಆಗುತ್ತೆ ಅಂತ ಬೆಂಗಳೂರು–ದೆಹಲಿಗೆ ಒಂದು ಟಿಕೆಟ್, ದೆಹಲಿಯಿಂದ ಹೊರದೇಶಕ್ಕೆ ಇನ್ನೊಂದು ಟಿಕೆಟ್ ಮಾಡಿಸಿದರೆ, ಮೊದಲ ಹಾರಾಟಕ್ಕೆ 15 ಕೆಜಿಯ ನಿಯಮವೇ ಅನ್ವಯ. ಇಡೀ ಪ್ರಯಾಣಕ್ಕೆ ಒಂದೇ ಟಿಕೆಟ್ ಆದರೆ ಸಾಮಾನ್ಯವಾಗಿ ಅಂತಾರಾಷ್ಟ್ರೀಯ ಲಗೇಜ್ ಮಿತಿಯೇ ದೇಶದೊಳಗಿನ ಹಾರಾಟಕ್ಕೂ ಸಿಗುತ್ತೆ. ಗಲ್ಫ್‌ಗೆ ದುಡಿಯೋಕೆ ಹೋಗೋ ನಮ್ಮ ಹುಡುಗರೂ ಇದೇ ಬಲೆಗೆ ಬೀಳ್ತಾರೆ. ಟಿಕೆಟಲ್ಲಿ ಎರಡು ಸಾವಿರ ಉಳಿಸಿ ಲಗೇಜಲ್ಲಿ ಆರು ಸಾವಿರ ಕಟ್ಟಿದವರು ನಿಮ್ಮ ಬೀದಿಯಲ್ಲೂ ಇರಬಹುದು.

ವಿಮಾನದ ಹೊಟ್ಟೆಯೊಳಗೆ

ದುಡ್ಡು ಕಟ್ಟಿದ ಮೇಲಾದರೂ ಚಿಂತೆ ಇಲ್ಲವಾ? ಇದೆ. ದೊಡ್ಡ ವಿಮಾನಗಳಲ್ಲಿ ಸೂಟ್‌ಕೇಸ್‌ಗಳನ್ನ ಲೋಹದ ಪೆಟ್ಟಿಗೆಗಳಿಗೆ ತುಂಬಿ ಆ ಪೆಟ್ಟಿಗೆಯನ್ನೇ ವಿಮಾನದ ಹೊಟ್ಟೆಗೆ ತಳ್ತಾರೆ. ಸಾಮಾನ್ಯವಾಗಿ ಬಳಸುವ ಪೆಟ್ಟಿಗೆಯ ತಳದ ಅಗಲ ಸುಮಾರು ಒಂದೂವರೆ ಮೀಟರ್. ಎರಡು ಮೀಟರ್ ಸ್ಕೀ ಅದರ ತಳದಲ್ಲಿ ನೇರ ಮಲಗಲ್ಲ. ಹಾಗಾಗಿ ಅದನ್ನ ಹಿಂಭಾಗದಲ್ಲಿ ಬಿಡಿ ಸಾಮಾನಿಗೆ ಇರೋ ಸಣ್ಣ ಜಾಗಕ್ಕೆ ಕೈಯಿಂದಲೇ ಹಾಕಬೇಕು. ಗಾಲಿ ಕುರ್ಚಿ, ಮಕ್ಕಳ ತಳ್ಳುಗಾಡಿ, ವಾದ್ಯಗಳ ಪೆಟ್ಟಿಗೆ ಎಲ್ಲ ಸೇರೋದೂ ಅಲ್ಲಿಗೇ.

ಸಣ್ಣ ವಿಮಾನ ಆದರೆ ಇನ್ನೂ ಇಕ್ಕಟ್ಟು. ಮೈಸೂರಿನಂಥ ನಿಲ್ದಾಣಗಳಿಗೆ ಬರೋ ಫ್ಯಾನ್ ಇರೋ ಎಟಿಆರ್ ವಿಮಾನ ನೋಡಿರ್ತೀರಿ. ಅದರ ಲಗೇಜು ಬಾಗಿಲು, ಜಾಗ ಎರಡೂ ಚಿಕ್ಕದು. ತೂಕ ಜಾಸ್ತಿಯಾದರೆ ಮೊದಲು ಕೆಳಗಿಳಿಯೋದು ಉದ್ದನೆಯ ಚೀಲವೇ.

ಆಮೇಲೆ ಬದಲಾವಣೆಯ ನಿಲ್ದಾಣ. ದೊಡ್ಡ ನಿಲ್ದಾಣಗಳಲ್ಲಿ ಸೂಟ್‌ಕೇಸ್‌ಗಳು ಬೆಲ್ಟ್ ಮೇಲೆ ಓಡ್ತಾ ಇರುವಾಗ ಯಂತ್ರವೇ ಟ್ಯಾಗ್ ಓದಿ ಮುಂದಿನ ವಿಮಾನದ ಕಡೆ ತಿರುಗಿಸುತ್ತೆ. ಸ್ಕೀ ಚೀಲ ಆ ಬೆಲ್ಟಿನ ತಿರುವುಗಳಲ್ಲಿ ಸಿಕ್ಕಿಹಾಕಿಕೊಳ್ಳುತ್ತೆ. ಹಾಗಾಗಿ ಅದಕ್ಕೆ ಬೇರೆ ದಾರಿ, ಬೇರೆ ಗಾಡಿ, ಬೇರೆ ಆಳು. ಆ ಆಳು ಬರೋಕೆ ಹತ್ತು ನಿಮಿಷ ತಡವಾದರೆ ನೀವು ಮುಂದಿನ ವಿಮಾನದಲ್ಲಿ ಕೂತಿರ್ತೀರಿ, ಸ್ಕೀ ಹಿಂದಿನ ನಿಲ್ದಾಣದಲ್ಲಿ ಉಳಿದಿರುತ್ತೆ.

ವಿಮಾನಯಾನ ತಂತ್ರಜ್ಞಾನ ಸಂಸ್ಥೆ ಸೀಟಾ ಪ್ರತಿ ವರ್ಷ ಲಗೇಜು ವರದಿ ಕೊಡುತ್ತೆ. 2024ರಲ್ಲಿ ಜಗತ್ತಿನಾದ್ಯಂತ ಪ್ರತಿ ಸಾವಿರ ಪ್ರಯಾಣಿಕರಿಗೆ 6.3 ಚೀಲ ತಡವಾಗಿದ್ದವು, ಕಳೆದಿದ್ದವು ಇಲ್ಲವೇ ಹಾಳಾಗಿದ್ದವು. ಅದರಲ್ಲಿ 41 ಶೇಕಡಾ ಎಡವಟ್ಟು ಆಗಿದ್ದು ಒಂದು ವಿಮಾನದಿಂದ ಇನ್ನೊಂದಕ್ಕೆ ಬದಲಾಯಿಸುವಾಗ. ಅಂದರೆ ನೇರ ವಿಮಾನ ಇದ್ದವರಿಗೆ ಅಪಾಯ ಕಮ್ಮಿ, ಎರಡು ಮೂರು ವಿಮಾನ ಬದಲಿಸಬೇಕಾದವರಿಗೆ ಜಾಸ್ತಿ.

ಈಗ ನಕ್ಷೆ ನೋಡಿ. ಬೆಂಗಳೂರಿಂದ ಚಿಲಿಗೆ ನೇರ ವಿಮಾನ ಇಲ್ಲ. ಮಧ್ಯದಲ್ಲಿ ಬೇರೆ ಖಂಡದ ನಿಲ್ದಾಣದಲ್ಲಿ ಇಳಿದು ಹತ್ತಿ ರಾಜಧಾನಿ ಸ್ಯಾಂಟಿಯಾಗೊ ತಲುಪಬೇಕು. ಕೊರಾಲ್ಕೊ ಅಲ್ಲಿಂದಲೂ ದಕ್ಷಿಣಕ್ಕೆ ನೂರಾರು ಕಿ.ಮೀ. ದೂರ, ಅರೌಕಾನಿಯಾ ಪ್ರಾಂತ್ಯದಲ್ಲಿ ಲೊಂಕಿಮಾಯ್ ಜ್ವಾಲಾಮುಖಿಯ ಬುಡದಲ್ಲಿ. ಇಲ್ಲಿಂದ ಅಲ್ಲಿಗೆ ಹೋಗೋ ಯಾರದ್ದೇ ಚೀಲ ಆದರೂ ಎಷ್ಟು ಕೈ ಬದಲಾಗಬೇಕು ಅಂತ ನೀವೇ ಎಣಿಸಿ.

ವ್ಯಾಕ್ಸ್ ಡಬ್ಬಿ, ಸೆಕ್ಯೂರಿಟಿ ಗೇಟ್

ಕೋಲುಗಳನ್ನ ಕೈಯಲ್ಲಿ ಹಿಡಿದು ವಿಮಾನದೊಳಗೆ ಹೋಗೋ ಹಾಗಿಲ್ಲ. ಭಾರತದ ನಾಗರಿಕ ವಿಮಾನಯಾನ ಭದ್ರತಾ ಬ್ಯೂರೊದ ನಿಷೇಧಿತ ಪಟ್ಟಿಯಲ್ಲಿ ಸ್ಕೀ ಕೋಲು, ಕ್ರಿಕೆಟ್ ಬ್ಯಾಟು, ಹಾಕಿ ಸ್ಟಿಕ್ಕು ಎಲ್ಲ ಇವೆ. ಕೊಡವ ಹಾಕಿ ಹಬ್ಬಕ್ಕೆ ದೆಹಲಿ, ಪುಣೆಯಿಂದ ಹಾರಿಬರೋ ನಮ್ಮವರಿಗೆ ಇದು ಗೊತ್ತಿರೋದೇ. ಆದರೆ ಹಾಕಿ ಸ್ಟಿಕ್ಕು ಮೂರಡಿ, ದೊಡ್ಡ ಬ್ಯಾಗಲ್ಲಿ ಓರೆಯಾಗಿ ಇಟ್ಟರೆ ಹಿಡಿಯುತ್ತೆ. ಸ್ಕೀಗೆ ಆ ಉಪಾಯ ನಡೆಯಲ್ಲ.

ವ್ಯಾಕ್ಸ್ ವಿಷಯ ಇನ್ನೂ ಸೂಕ್ಷ್ಮ. ಸಾಬೂನಿನ ಥರ ಗಟ್ಟಿ ಇರೋ ವ್ಯಾಕ್ಸ್‌ಗೆ ತೊಂದರೆ ಇಲ್ಲ. ಹಳೇ ವ್ಯಾಕ್ಸ್ ತೆಗೆಯೋ ದ್ರಾವಣ ಬೇಗ ಬೆಂಕಿ ಹೊತ್ತಿಕೊಳ್ಳುವಂಥದ್ದಾದರೆ ಅದನ್ನ ವಿಮಾನದಲ್ಲಿ ಒಯ್ಯೋ ಹಾಗೇ ಇಲ್ಲ, ಕೈಚೀಲದಲ್ಲೂ ಇಲ್ಲ, ಕೆಳಗೂ ಇಲ್ಲ. ಗ್ಯಾಸ್ ಸಿಲಿಂಡರ್ ಇರೋ ಟಾರ್ಚ್ ಕೂಡ ಹಾಗೇ. ಎಕ್ಸ್‌ರೇಯಲ್ಲಿ ಡಬ್ಬಿ, ಇಸ್ತ್ರಿ ಪೆಟ್ಟಿಗೆ, ವೈರು ಎಲ್ಲ ಒಟ್ಟಿಗೆ ಕಂಡರೆ ಚೀಲ ಬಿಚ್ಚಿಸೋದು ಖಂಡಿತ. ನಮ್ಮ ನಿಲ್ದಾಣಗಳಲ್ಲಿ ಸ್ಕೀ ಚೀಲ ಅಪರೂಪ. ಆದ್ದರಿಂದ ಇದೇನು, ಯಾಕೆ ಅಂತ ಮೊದಲಿಂದ ವಿವರಿಸಬೇಕು. ಹಿಂದೆ ನಿಂತ ಸಾಲಿನವರು ಗೊಣಗ್ತಾ ಇರ್ತಾರೆ.

ಶ್ರೀನಗರದಲ್ಲಿ ಇದರ ಜೊತೆಗೆ ಇನ್ನೊಂದು ಸುತ್ತು. ಗುಲ್ಮಾರ್ಗ್‌ಗೆ ಹತ್ತಿರದ ನಿಲ್ದಾಣ ಅದೇ. ಟರ್ಮಿನಲ್‌ಗೆ ಎಷ್ಟೋ ಮೊದಲೇ ಗೇಟಿನಲ್ಲಿ ಗಾಡಿ ನಿಲ್ಲಿಸಿ, ಎಲ್ಲ ಸಾಮಾನು ಇಳಿಸಿ, ಸ್ಕ್ಯಾನ್ ಮಾಡಿಸಿ ಮತ್ತೆ ತುಂಬಬೇಕು. ಅಲ್ಲಿನ ಪರಿಸ್ಥಿತಿಗೆ ತಪಾಸಣೆ ಬೇಕೇ ಬೇಕು, ಅದರ ಬಗ್ಗೆ ತಕರಾರಿಲ್ಲ. ಆದರೆ ಚಳಿಯಲ್ಲಿ ಏಳಡಿ ಚೀಲವನ್ನ ಒಬ್ಬರೇ ಮತ್ತೆ ಮತ್ತೆ ಇಳಿಸಿ ಹತ್ತಿಸೋದು ನೆನೆಸಿಕೊಳ್ಳಿ.

ಸಾಲದ್ದಕ್ಕೆ ಹವಾಮಾನ. 2025ರ ಖೇಲೊ ಇಂಡಿಯಾ ಚಳಿಗಾಲದ ಕ್ರೀಡಾಕೂಟದ ಗುಲ್ಮಾರ್ಗ್ ಹಂತ ಫೆಬ್ರವರಿಯಲ್ಲಿ ನಡೀಬೇಕಿತ್ತು. ಹಿಮ ಸಾಕಷ್ಟು ಬೀಳಲಿಲ್ಲ ಅಂತ ಮಾರ್ಚ್‌ಗೆ ಮುಂದೂಡಿದರು. ದಿನಾಂಕ ಬದಲಾದರೆ ಟಿಕೆಟ್ ಬದಲಿಸಬೇಕು, ಮುಂಗಡ ಕಟ್ಟಿದ ಲಗೇಜೂ ಹೊಸ ಟಿಕೆಟ್‌ಗೆ ಸೇರಿದೆಯಾ ಅಂತ ಮತ್ತೆ ನೋಡಿಕೊಳ್ಳಬೇಕು.

ಕಳೆದರೆ ಎಷ್ಟು ಸಿಗುತ್ತೆ?

ಇಲ್ಲಿ ಓದುಗರೆಲ್ಲ ಗಮನ ಕೊಡಿ. ಇದು ಸ್ಕೀಗೆ ಮಾತ್ರ ಅಲ್ಲ, ವಿಮಾನ ಹತ್ತುವ ಎಲ್ಲರಿಗೂ ಬೇಕು.

ಅಂತಾರಾಷ್ಟ್ರೀಯ ಹಾರಾಟಕ್ಕೆ ಮಾಂಟ್ರಿಯಲ್ ಒಪ್ಪಂದ ಅಂತ ಒಂದಿದೆ. ಭಾರತ 2009ರಿಂದ ಅದರಲ್ಲಿದೆ. ಲಗೇಜು ಕಳೆದರೆ, ಹಾಳಾದರೆ, ತಡವಾದರೆ ಒಬ್ಬ ಪ್ರಯಾಣಿಕರಿಗೆ ಸಿಗುವ ಗರಿಷ್ಠ ಮೊತ್ತವನ್ನು ಅದು ಎಸ್‌ಡಿಆರ್ ಅನ್ನೋ ಲೆಕ್ಕದಲ್ಲಿ ಹೇಳುತ್ತೆ. 2024ರ ಡಿಸೆಂಬರ್ 28ರಿಂದ ಆ ಮಿತಿ 1,519 ಎಸ್‌ಡಿಆರ್. ನಮ್ಮ ರೂಪಾಯಿಯಲ್ಲಿ ಒಂದೂಮುಕ್ಕಾಲು ಲಕ್ಷದಿಂದ ಎರಡು ಲಕ್ಷದೊಳಗೆ. ಇದು ಗರಿಷ್ಠ ಮಿತಿ ಅಷ್ಟೇ, ಕಳೆದವರಿಗೆಲ್ಲ ಅಷ್ಟೂ ಸಿಗುತ್ತೆ ಅಂತಲ್ಲ, ನಷ್ಟ ತೋರಿಸಬೇಕು. ದೇಶದೊಳಗಿನ ಹಾರಾಟಕ್ಕೆ ಮಿತಿ ಬರೀ 20,000 ರೂಪಾಯಿ.

ಈಗ ತಾಳೆ ಹಾಕಿ. ಆಸ್ಟ್ರಿಯಾ, ನಾರ್ವೆ, ಫ್ರಾನ್ಸ್ ಕಂಪನಿಗಳ ಒಳ್ಳೆ ರೇಸ್ ಸ್ಕೀ ಒಂದು ಜೊತೆಗೇ ಅರ್ಧ ಲಕ್ಷ ದಾಟುತ್ತೆ. ನಾಲ್ಕು ಜೊತೆ ಇರೋ ಚೀಲ ಬೆಂಗಳೂರು–ಶ್ರೀನಗರ ನಡುವೆ ಮಾಯವಾದರೆ ಕೈಗೆ ಬರೋದು ಹೆಚ್ಚೆಂದರೆ 20,000. ಚೀಲ ಎರಡು ದಿನ ತಡವಾಗಿ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ, ಅಷ್ಟರಲ್ಲಿ ರೇಸ್ ಮುಗಿದಿರುತ್ತೆ. ಈ ಆಟದಲ್ಲಿ ಅಂತಾರಾಷ್ಟ್ರೀಯ ಸ್ಪರ್ಧೆಗಳಲ್ಲಿ ಗಳಿಸುವ ಪಾಯಿಂಟ್‌ಗಳ ಮೇಲೆಯೇ ಒಲಿಂಪಿಕ್ಸ್ ಅರ್ಹತೆ ನಿಂತಿರುತ್ತೆ. ಹೋದ ಪಾಯಿಂಟಿಗೆ ಯಾವ ಒಪ್ಪಂದದಲ್ಲೂ ಪರಿಹಾರ ಇಲ್ಲ.

ತಪ್ಪು ಯಾರದ್ದು?

ಎಲ್ಲವನ್ನೂ ವಿಮಾನ ಕಂಪನಿಗಳ ತಲೆಗೆ ಕಟ್ಟೋದು ಸುಲಭ. ಆದರೆ ಅವರ ಕಡೆಯೂ ನ್ಯಾಯ ಇದೆ. ಒಂದು ಚೀಲ 32 ಕೆಜಿ ದಾಟಬಾರದು ಅನ್ನೋ ನಿಯಮ ಬಂದಿರೋದು ಲೋಡರ್‌ಗಳ ಬೆನ್ನು ಉಳಿಯಲಿ ಅಂತ. ಹೊಟ್ಟೆಯೊಳಗಿನ ಜಾಗ ಹಿಗ್ಗಲ್ಲ. ಬೆಂಕಿ ಹೊತ್ತಿಕೊಳ್ಳೋ ದ್ರಾವಣ ಬೇಡ ಅನ್ನೋದು ನಮ್ಮೆಲ್ಲರ ಜೀವದ ಪ್ರಶ್ನೆ.

ಹಾಗಾದರೆ ನಾರ್ವೆ, ಸ್ವೀಡನ್‌ನವರಿಗೆ ಇದೇ ನಿಯಮ ಇಲ್ವಾ? ಇದೆ. ಆದರೆ ಅವರು ನಿಯಮಕ್ಕೆ ಸಿಕ್ಕಿಕೊಳ್ಳೋದೇ ಕಮ್ಮಿ. ಯುರೋಪಿನಲ್ಲಿ ನಡೆಯೋ ಸ್ಪರ್ಧೆಗಳಿಗೆ ದೊಡ್ಡ ತಂಡಗಳ ಸ್ಕೀಗಳು ರಸ್ತೆಯಲ್ಲೇ ಹೋಗುತ್ತವೆ, ವ್ಯಾಕ್ಸ್ ಹಚ್ಚಲೆಂದೇ ಕಟ್ಟಿಸಿದ ಟ್ರಕ್‌ಗಳಲ್ಲಿ. ಅದರೊಳಗೆ ತಂತ್ರಜ್ಞರು ಇರ್ತಾರೆ. ಆಟಗಾರರು ಹೋಗಿ ಓಡಿದರೆ ಸಾಕು. ಅಲ್ಲಿನ ನಿಲ್ದಾಣಗಳ ಸಿಬ್ಬಂದಿಗೂ ಚಳಿಗಾಲ ಬಂದರೆ ಸ್ಕೀ ಚೀಲ ನೋಡಿ ನೋಡಿ ಅಭ್ಯಾಸ.

ನಿಯಮ ಎಲ್ಲರಿಗೂ ಒಂದೇ, ಹೊರೆ ಒಂದೇ ಅಲ್ಲ. ಹಿಮಕ್ಕೆ ಎಷ್ಟು ದೂರವೋ, ತಂಡ ಎಷ್ಟು ಚಿಕ್ಕದೋ, ಹೊರೆ ಅಷ್ಟು ಜಾಸ್ತಿ. ಕೊಡಗಿನಿಂದ ಹೊರಡುವವರು ಈ ಎರಡೂ ಲೆಕ್ಕದಲ್ಲಿ ಕೊನೆಯಲ್ಲಿ ನಿಲ್ತಾರೆ. ಈ ಮಾತನ್ನ ನಮ್ಮ ಕ್ರೀಡಾ ಇಲಾಖೆಗಳು ಬಜೆಟ್ ಮಾಡುವಾಗ ನೆನಪಿಡಬೇಕು. ಓಟಗಾರರಿಗೆ ಕೊಡೋ ಪ್ರಯಾಣ ಭತ್ಯೆಯ ಅಳತೆಯಲ್ಲೇ ಸ್ಕೀಯರ್‌ಗೂ ಕೊಟ್ಟರೆ ಅದು ಸಮಾನತೆ ಅಂತ ಕಾಣುತ್ತೆ. ಆದರೆ ಓಟಗಾರರು ಒಂದು ಜೊತೆ ಸ್ಪೈಕ್ ಶೂ ಹಿಡಿದು ಹೋಗ್ತಾರೆ, ಸ್ಕೀಯರ್ ಒಂದು ಸಣ್ಣ ವರ್ಕ್‌ಶಾಪನ್ನೇ ಹೊತ್ತು ಹೋಗಬೇಕು. ಸೈಕ್ಲಿಂಗ್, ರೋಯಿಂಗ್, ಪೋಲ್‌ವಾಲ್ಟ್ ಮಕ್ಕಳದ್ದೂ ಇದೇ ಪಾಡು. ಪೋಲ್‌ವಾಲ್ಟ್ ಕೋಲಂತೂ ಸ್ಕೀಗಿಂತ ಎರಡು ಪಟ್ಟು ಉದ್ದ.

ಏನು ಮಾಡಬಹುದು?

ಮೊದಲನೆಯದು, ಪ್ರಯಾಣದ ನೆರವು ಕೊಡುವಾಗ ಆಳಿನ ಟಿಕೆಟ್ ಒಂದು, ಸಾಮಾನಿನ ಖರ್ಚು ಇನ್ನೊಂದು ಅಂತ ಬೇರೆ ಬೇರೆ ಬರೆಯಬೇಕು. ಸಾಮಾನಿನ ವಿಮೆಯೂ ಅದರಲ್ಲೇ ಸೇರಬೇಕು. ಅದೂ ಪದಕ ಬಂದ ಮೇಲೆ ಅಲ್ಲ, ಹೊರಡುವ ಮೊದಲೇ. ಗೆದ್ದ ಮೇಲೆ ಕೊಡೋ ಬಹುಮಾನದ ದುಡ್ಡಲ್ಲಿ ಹೋದ ತಿಂಗಳ ಲಗೇಜ್ ಸಾಲ ತೀರಿಸಬೇಕಾದರೆ ಅದು ಬಹುಮಾನವೇ ಅಲ್ಲ.

ಎರಡನೆಯದು, ತರಬೇತಿ ನಡೆಯೋ ಗುಲ್ಮಾರ್ಗ್‌ನಂಥ ಕಡೆ ಆಟಗಾರರು ಸೀಸನ್ ಮುಗಿದ ಮೇಲೆ ಸ್ಕೀ ಇಟ್ಟು ಬರೋಕೆ ಬೀಗ ಇರೋ ಜಾಗ ಬೇಕು. ಇಸ್ತ್ರಿ ಪೆಟ್ಟಿಗೆ, ಬ್ರಷ್, ವ್ಯಾಕ್ಸ್ ಮೇಜು ಅಲ್ಲೇ ಸಾಮೂಹಿಕವಾಗಿ ಇದ್ದರೆ ಒಬ್ಬೊಬ್ಬರ ಚೀಲದಿಂದ ಐದಾರು ಕೆಜಿ ಇಳಿಯುತ್ತೆ. ಇದಕ್ಕೆ ಕೋಟಿಗಟ್ಟಲೆ ಬೇಕಿಲ್ಲ.

ಮೂರನೆಯದು ನಮ್ಮ ಊರಿನ ಕೆಲಸ. ಪದಕ ಬಂದ ದಿನ ಟೌನಲ್ಲಿ ಫ್ಲೆಕ್ಸ್ ಹಾಕೋಕೆ ಸಂಘಗಳು ನಾ ಮುಂದು ತಾ ಮುಂದು ಅಂತ ಬರ್ತವೆ. ತಪ್ಪೇನಿಲ್ಲ, ಸಂತೋಷ ಪಡಬೇಕು. ಆದರೆ ನಾಲ್ಕು ಫ್ಲೆಕ್ಸ್‌ನಲ್ಲಿ ಎರಡನ್ನ ಕಮ್ಮಿ ಮಾಡಿ, ಆ ದುಡ್ಡನ್ನ ಮುಂದಿನ ಪ್ರಯಾಣದ ಲಗೇಜಿಗೆ ಅಂತ ಕೊಟ್ಟರೆ ಆಟಗಾರರಿಗೆ ನಿಜವಾಗಿ ಮುಟ್ಟುತ್ತೆ. ಸ್ಕೀ ಮಾತ್ರ ಅಲ್ಲ, ತಾಲೂಕಿನ ಯಾವುದೇ ಹುಡುಗ ಹುಡುಗಿ ಸಾಮಾನು ಹೊತ್ತು ದೂರ ಹೋಗೋ ಆಟ ಆಡ್ತಿದ್ದರೂ ಇದೇ ಮಾತು.

ನೀವು ವಿಮಾನ ಹತ್ತುವವರಾದರೆ

ಮಗನನ್ನ ದುಬೈಗೆ ಕಳಿಸೋರು, ಮಗಳ ಮನೆಗೆ ಅಂತ ಹೊರದೇಶಕ್ಕೆ ಹೋಗೋ ತಂದೆ ತಾಯಿ, ಸರಕು ತರೋಕೆ ಹೋಗೋ ವ್ಯಾಪಾರಿಗಳು ಇಷ್ಟು ನೆನಪಿಡಿ.

ಸಾಧ್ಯವಾದರೆ ಇಡೀ ಪ್ರಯಾಣಕ್ಕೆ ಒಂದೇ ಟಿಕೆಟ್ ಮಾಡಿಸಿ. ಉದ್ದದ ಅಥವಾ ದೊಡ್ಡ ಸಾಮಾನಿದ್ದರೆ ಮೊದಲೇ ಕಂಪನಿಗೆ ತಿಳಿಸಿ, ಒಪ್ಪಿಗೆಯನ್ನ ಇಮೇಲ್‌ನಲ್ಲಿ ತರಿಸಿಕೊಂಡು ಪ್ರಿಂಟ್ ಇಟ್ಟುಕೊಳ್ಳಿ. ಫೋನಲ್ಲಿ ಹೇಳಿದ್ದನ್ನ ಕೌಂಟರ್‌ನವರು ಒಪ್ಪಲ್ಲ.

ಚೀಲ ಕೊಡೋ ಮೊದಲು ಒಳಗಿನ ಸಾಮಾನಿನ ಫೋಟೊ, ಬಿಲ್ಲು ಇಟ್ಟುಕೊಳ್ಳಿ. ತುಂಬಾ ಬೆಲೆಯದ್ದಾದರೆ ಕೌಂಟರ್‌ನಲ್ಲೇ ಬೆಲೆ ಘೋಷಿಸಿ ಹೆಚ್ಚುವರಿ ಶುಲ್ಕ ಕಟ್ಟೋಕೆ ಮಾಂಟ್ರಿಯಲ್ ಒಪ್ಪಂದದಲ್ಲಿ ಅವಕಾಶ ಇದೆ. ಆಗ 1,519ರ ಮಿತಿ ಅಡ್ಡ ಬರಲ್ಲ. ಬೆಲೆಬಾಳುವ ವಸ್ತು ಹೊರದೇಶಕ್ಕೆ ಒಯ್ದು ವಾಪಸ್ ತರೋದಾದರೆ ಹೋಗುವಾಗಲೇ ಕಸ್ಟಮ್ಸ್‌ನಲ್ಲಿ ತೋರಿಸಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿಕೊಳ್ಳಿ. ಇಲ್ಲಾಂದ್ರೆ ಬರುವಾಗ ಹೊಸದಾಗಿ ಕೊಂಡಿದ್ದಾ ಅಂತ ಪ್ರಶ್ನೆ ಬರಬಹುದು.

ಚೀಲ ಬರಲಿಲ್ಲ ಅಂದರೆ ನಿಲ್ದಾಣದಿಂದ ಹೊರಗೆ ಕಾಲಿಡೋ ಮೊದಲೇ ಲಗೇಜು ಡೆಸ್ಕಿನಲ್ಲಿ ದೂರು ಬರೆಸಿ. ಅದಕ್ಕೆ ಪಿಐಆರ್ ಅಂತಾರೆ, ಅದರ ನಂಬರ್ ಕೇಳಿ ಪಡೀರಿ. ಅಂತಾರಾಷ್ಟ್ರೀಯ ಹಾರಾಟದಲ್ಲಿ ಸಾಮಾನು ಹಾಳಾಗಿದ್ದರೆ ಕೈಗೆ ಸಿಕ್ಕ 7 ದಿನದೊಳಗೆ, ತಡವಾಗಿ ಬಂದಿದ್ದರೆ ಸಿಕ್ಕ 21 ದಿನದೊಳಗೆ ಲಿಖಿತ ದೂರು ಹೋಗಬೇಕು. 21 ದಿನ ಕಳೆದರೂ ಬಾರದಿದ್ದರೆ ಕಳೆದುಹೋಗಿದೆ ಅಂತಲೇ ಲೆಕ್ಕ. ಕೋರ್ಟಿಗೆ ಹೋಗೋಕೆ ಎರಡು ವರ್ಷದ ಗಡುವು. ಕಂಪನಿ ಕಿವಿಗೆ ಹಾಕಿಕೊಳ್ಳದಿದ್ದರೆ ಕೇಂದ್ರದ ಏರ್‌ಸೇವಾ ಪೋರ್ಟಲ್ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನೀವು ವಾಸ ಇರೋ ಜಿಲ್ಲೆಯ ಗ್ರಾಹಕರ ಆಯೋಗದಲ್ಲೇ ದೂರು ಕೊಡಬಹುದು, ಕಂಪನಿಯ ಹೆಡ್ ಆಫೀಸ್ ಇರೋ ಊರಿಗೆ ಅಲೆಯಬೇಕಿಲ್ಲ.

ಹಾರ್ಡ್‌ವೇರ್ ಅಂಗಡಿಯ ಅಣ್ಣನಿಗೆ ಇದನ್ನೆಲ್ಲ ಹೇಳಿದೆ. ಲೆಕ್ಕ ಕೇಳಿ ಒಂದು ನಿಮಿಷ ಸುಮ್ಮನಿದ್ದರು. "ನನ್ನ ಪೈಪು ಇವತ್ತು ಹೋಗದಿದ್ರೆ ನಾಳೆ ಹೋಗುತ್ತೆ. ಅವರ ರೇಸು ನಾಳೆಗೆ ಕಾಯಲ್ವಲ್ಲ" ಅಂದರು. ಆಮೇಲೆ, ಮುಂದಿನ ಸಲ ಯಾರಾದರೂ ಹೊರಡುವ ಸುದ್ದಿ ಇದ್ದರೆ ಮೊದಲೇ ತಿಳಿಸು, ಗೆದ್ದ ಮೇಲೆ ಬೇಡ ಅಂತಲೂ ಹೇಳಿದರು.